ಟ್ರೇಲರ್ ಬ್ಯಾಟರಿಗೆ ಯಾವ ಕನ್ವರ್ಟರ್? ಆಂಪ್‌ಗಿಂತ ಮೊದಲು ವೋಲ್ಟ್ ನೋಡಿ

ಪ್ರಶ್ನೆ: ನಮ್ಮದು 26 ಅಡಿ ಉದ್ದದ ಟ್ರಾವೆಲ್ ಟ್ರೇಲರ್ (ವಾಹನದ ಹಿಂದೆ ಎಳೆದೊಯ್ಯುವ ಗಾಡಿಮನೆ). ಹೊರಗಿನ ವಿದ್ಯುತ್ತಿನಿಂದ ಬ್ಯಾಟರಿ ಚಾರ್ಜ್ ಮಾಡುವ, ಅದರ ಜೊತೆಗೇ ಬಂದ 45 ಆಂಪ್‌ನ ಹಳೆಯ ಕನ್ವರ್ಟರ್ ಇನ್ನೂ ಕೆಲಸ ಮಾಡುತ್ತಿದೆ. ಟ್ರೇಲರಿನ ಮುಂಭಾಗದಲ್ಲಿ 6 ವೋಲ್ಟ್‌ನ ಎರಡು ಬ್ಯಾಟರಿಗಳನ್ನು ಸೀರೀಸ್‌ನಲ್ಲಿ (ಎರಡೂ ಸೇರಿ 12 ವೋಲ್ಟ್ ಆಗುವಂತೆ) ಜೋಡಿಸಿದ್ದೇವೆ. ಅವು ನೀರು ಹಾಕುವ ಬಗೆಯ ಲೆಡ್ ಆಸಿಡ್ ಬ್ಯಾಟರಿಗಳು, ಸಾಮರ್ಥ್ಯ 220 ಆಂಪ್ ಅವರ್. ಮನೆಯ ಬಳಿ ನಿಲ್ಲಿಸಿದಾಗ ಪ್ಲಗ್ ಸದಾ ಹಾಕಿಯೇ ಇರುತ್ತದೆ, ಆಗ ಬ್ಯಾಟರಿಯ ನೀರು ಬೇಗ ಬತ್ತುತ್ತದೆ. ಪ್ರವಾಸದಲ್ಲಿ ಮಾತ್ರ 2000 ವಾಟ್‌ನ ಜನರೇಟರನ್ನು ಮೂರು ಗಂಟೆ ಓಡಿಸಿದರೂ ಚಾರ್ಜ್ ತುಂಬುವುದಿಲ್ಲ. 80 ಆಂಪ್‌ನ ಕನ್ವರ್ಟರ್ ಹಾಕಿದರೆ ಸರಿಹೋಗುತ್ತದೆಯೇ? ಮುಂದೆ ಲಿಥಿಯಂ ಬ್ಯಾಟರಿಗೆ ಬದಲಾಗುವ ಆಲೋಚನೆಯೂ ಇದೆ.

ಉತ್ತರ: 80 ಆಂಪ್‌ನ ಕನ್ವರ್ಟರ್ ನಿಮಗೆ ಬೇಡ. ಮನೆಯಲ್ಲಿ ನೀರು ಬತ್ತುವುದು, ಪ್ರವಾಸದಲ್ಲಿ ಚಾರ್ಜ್ ಏರದಿರುವುದು, ಈ ಎರಡು ದೂರುಗಳು ಮೇಲ್ನೋಟಕ್ಕೆ ಒಂದಕ್ಕೊಂದು ತದ್ವಿರುದ್ಧವಾಗಿ ಕಂಡರೂ ಎರಡರ ಮೂಲವೂ ಬಹುಮಟ್ಟಿಗೆ ಒಂದೇ. ಹಳೆಯ ಕನ್ವರ್ಟರುಗಳಲ್ಲಿ ಹೆಚ್ಚಿನವು ಬ್ಯಾಟರಿ ಖಾಲಿಯಾಗಿರಲಿ ತುಂಬಿರಲಿ, 13.6ರಿಂದ 13.8 ವೋಲ್ಟ್‌ನ ಆಸುಪಾಸಿನ ಒಂದೇ ವೋಲ್ಟೇಜನ್ನು ಕೊಡುತ್ತಲೇ ಇರುತ್ತವೆ. ಖಾಲಿ ಬ್ಯಾಟರಿಯನ್ನು ಮೂರು ಗಂಟೆಯಲ್ಲಿ ತುಂಬಿಸಲು ಇದು ಸಾಲದು; ತುಂಬಿದ ಬ್ಯಾಟರಿಗೆ ತಿಂಗಳುಗಟ್ಟಲೆ, ಅದರಲ್ಲೂ ಬೇಸಿಗೆಯಲ್ಲಿ, ಕೊಡುತ್ತಿರಲು ಇದು ಹೆಚ್ಚಾಯಿತು. ಹಾಗಾಗಿ ಕನ್ವರ್ಟರ್ ಆಯ್ಕೆಮಾಡುವಾಗ ಮೊದಲು ನೋಡಬೇಕಾದುದು ಅದು ಎಷ್ಟು ಆಂಪ್ ಕೊಡುತ್ತದೆ ಎಂಬುದನ್ನಲ್ಲ, ಯಾವ ಹಂತದಲ್ಲಿ ಎಷ್ಟು ವೋಲ್ಟ್ ಕೊಡುತ್ತದೆ ಮತ್ತು ಆ ವೋಲ್ಟ್ ಬ್ಯಾಟರಿಯ ಕಂಬಗಳವರೆಗೆ (ತಂತಿ ಜೋಡಿಸುವ ಟರ್ಮಿನಲ್‌ಗಳವರೆಗೆ) ತಲುಪುತ್ತದೆಯೇ ಎಂಬುದನ್ನು.

ಹೊರಗಿನ ಎಸಿ ವಿದ್ಯುತ್ತನ್ನು 12 ವೋಲ್ಟ್‌ನ ಡಿಸಿ ವಿದ್ಯುತ್ತಾಗಿ ಮಾಡುವುದು ಕನ್ವರ್ಟರಿನ ಕೆಲಸ (ಇದರ ವಿರುದ್ಧದ ಕೆಲಸ ಮಾಡುವ ಇನ್ವರ್ಟರ್ ಬೇರೆಯೇ ಉಪಕರಣ). ದೀಪ, ನೀರಿನ ಪಂಪು, ಹೀಟರಿನ ಬ್ಲೋವರ್, ಫ್ರಿಜ್ಜಿನ ಕಂಟ್ರೋಲ್ ಬೋರ್ಡು, ಗ್ಯಾಸ್ ಸೋರಿಕೆ ಪತ್ತೆಹಚ್ಚುವ ಸೆನ್ಸರು ಇವೆಲ್ಲ ಅದರಿಂದಲೇ ನಡೆಯುತ್ತವೆ. ಬ್ಯಾಟರಿಯೂ ಅದೇ ತಂತಿಗೆ ಜೋಡಿಕೊಂಡಿರುತ್ತದೆ. ಅಂದರೆ ಕನ್ವರ್ಟರ್ ಪ್ರವಾಹವನ್ನು ಬ್ಯಾಟರಿಯೊಳಕ್ಕೆ ‘ತಳ್ಳುವುದಿಲ್ಲ’. ಅದು ಒಂದು ವೋಲ್ಟೇಜನ್ನು ಎತ್ತಿಹಿಡಿಯುತ್ತದೆ, ಆ ವೋಲ್ಟೇಜಿನಲ್ಲಿ ಎಷ್ಟು ಆಂಪ್ ಎಳೆದುಕೊಳ್ಳಬೇಕೆಂಬುದನ್ನು ಬ್ಯಾಟರಿಯೇ ತೀರ್ಮಾನಿಸುತ್ತದೆ. ಕನ್ವರ್ಟರಿನ ಮೇಲೆ ಬರೆದಿರುವ 45, 60 ಅಥವಾ 80 ಎಂಬ ಅಂಕಿ ಗರಿಷ್ಠ ಮಿತಿ ಮಾತ್ರ. ಅರ್ಧ ಖಾಲಿಯಾದ ಲೆಡ್ ಆಸಿಡ್ ಬ್ಯಾಟರಿ 13.6 ವೋಲ್ಟ್‌ನಲ್ಲಿ ಮೊದಲ ಸ್ವಲ್ಪ ಹೊತ್ತು ಚೆನ್ನಾಗಿಯೇ ಪ್ರವಾಹ ತೆಗೆದುಕೊಂಡು, ಆಮೇಲೆ ಬೇಗನೆ ಕುಗ್ಗಿ ಕೆಲವೇ ಆಂಪ್‌ಗಳಿಗೆ ಇಳಿದುಬಿಡುತ್ತದೆ. ಆಗ 45ರ ಬದಲು 80 ಆಂಪ್‌ನ ಯಂತ್ರ ಅಲ್ಲಿ ಕುಳಿತಿದ್ದರೂ ಹೆಚ್ಚೇನೂ ಆಗುವುದಿಲ್ಲ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದಕ್ಕೆ, ಟ್ರೇಲರ್ ಕನ್ವರ್ಟರುಗಳನ್ನು ತಯಾರಿಸುವ ಪ್ರೋಗ್ರೆಸಿವ್ ಡೈನಮಿಕ್ಸ್ ಕಂಪನಿ 125 ಆಂಪ್ ಅವರ್‌ನ ಬ್ಯಾಟರಿ ಮತ್ತು 60 ಆಂಪ್‌ನ ಕನ್ವರ್ಟರಿನಿಂದ ಮಾಡಿ ಪ್ರಕಟಿಸಿರುವ ಅಳತೆಗಳು ಒಳ್ಳೆಯ ಉದಾಹರಣೆ. 14.4 ವೋಲ್ಟ್ ಕೊಟ್ಟಾಗ ಬ್ಯಾಟರಿ ಸುಮಾರು 3 ಗಂಟೆಯಲ್ಲಿ ಶೇ. 90ಕ್ಕೆ, ಸುಮಾರು 11 ಗಂಟೆಯಲ್ಲಿ ಪೂರ್ಣ ಚಾರ್ಜಿಗೆ ಬಂದಿತು. ಅದೇ ಬ್ಯಾಟರಿ 13.6 ವೋಲ್ಟ್‌ನಲ್ಲಿ ಶೇ. 90 ಮುಟ್ಟಲು 40 ಗಂಟೆ, ಪೂರ್ಣವಾಗಲು 78 ಗಂಟೆ ತೆಗೆದುಕೊಂಡಿತು. ತಯಾರಕರು ತಮ್ಮ ಸರಕನ್ನು ಮಾರಲು ಕೊಟ್ಟ ಅಂಕಿಗಳೆಂಬ ಎಚ್ಚರ ಇರಲಿ, ಆದರೆ ಲೆಡ್ ಆಸಿಡ್ ಬ್ಯಾಟರಿಯ ಸ್ವಭಾವ ಬಲ್ಲವರಿಗೆ ಇವುಗಳಲ್ಲಿ ಅಚ್ಚರಿಯೇನೂ ಕಾಣುವುದಿಲ್ಲ. ನಿಮ್ಮ ಮೂರು ಗಂಟೆಯ ಜನರೇಟರ್ ಓಟ ವ್ಯರ್ಥವಾಗುತ್ತಿರುವುದು ಇಲ್ಲಿಯೇ.

ಇನ್ನು ನೀರು ಬತ್ತುವ ವಿಷಯ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 12 ವೋಲ್ಟ್‌ನ ಬ್ಯಾಟರಿ 14.1ರಿಂದ 14.4 ವೋಲ್ಟ್ ದಾಟಿದಾಗ ಒಳಗಿನ ನೀರು ಗಮನಾರ್ಹವಾಗಿ ಒಡೆದು ಹೈಡ್ರೋಜನ್, ಆಮ್ಲಜನಕವಾಗಿ ಹೊರಹೋಗತೊಡಗುತ್ತದೆ. ಉಷ್ಣಾಂಶ ಏರಿದಂತೆ ಈ ಗಡಿ ಕೆಳಗಿಳಿಯುತ್ತದೆ; ಸಾಮಾನ್ಯ ಲೆಕ್ಕದಲ್ಲಿ ಪ್ರತಿ ಡಿಗ್ರಿಗೆ 0.03 ವೋಲ್ಟ್‌ನಂತೆ ಚಾರ್ಜಿಂಗ್ ವೋಲ್ಟೇಜನ್ನು ತಗ್ಗಿಸಬೇಕು. ಬಿಸಿಲಿಗೆ ಬ್ಯಾಟರಿ 35 ಡಿಗ್ರಿಗೆ ಕಾದಿದ್ದರೆ ಅದಕ್ಕೆ ಕೊಟ್ಟ 13.8 ವೋಲ್ಟ್, 25 ಡಿಗ್ರಿಯಲ್ಲಿ ಕೊಟ್ಟ 14.1 ವೋಲ್ಟ್‌ಗೆ ಸಮ. ತುಂಬಿದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆ ಇಟ್ಟರೆ ನೀರು ಬತ್ತದೆ ಇನ್ನೇನಾಗುತ್ತದೆ? ಟ್ರೇಲರ್ ನಿಂತಿರುವಾಗ ಬೇಕಿರುವುದು 13.2 ವೋಲ್ಟ್‌ನ ಆಸುಪಾಸು.

ಆದ್ದರಿಂದ ಕೊಳ್ಳಬೇಕಾದುದು ಕನಿಷ್ಠ ಮೂರು ಹಂತಗಳ ಕನ್ವರ್ಟರನ್ನು: ಖಾಲಿ ಬ್ಯಾಟರಿಗೆ 14.4, ಬಳಕೆಯ ಹೊತ್ತಿನಲ್ಲಿ 13.6, ಸುಮ್ಮನೆ ನಿಂತಾಗ 13.2 ವೋಲ್ಟ್. ಈ ಮೂರು ಅಂಕಿಗಳು ಇಂದು ಹಲವು ತಯಾರಕರ ಪಟ್ಟಿಗಳಲ್ಲಿ ಅಕ್ಷರಶಃ ಹೀಗೆಯೇ ಸಿಗುತ್ತವೆ. ಆದರೆ ಪಟ್ಟಿಯಲ್ಲಿ 14.4 ಎಂದು ಬರೆದಿರುವುದಕ್ಕೂ ಆ ಯಂತ್ರ ಬೇಕಾದಾಗ 14.4ಕ್ಕೆ ಹೋಗುವುದಕ್ಕೂ ಬಹಳ ಅಂತರವಿದೆ, ಮತ್ತು ಕೊಳ್ಳುವವರು ಮೋಸಹೋಗುವುದು ಹೆಚ್ಚಾಗಿ ಇಲ್ಲಿ. ಹಂತ ಬದಲಿಸುವ ತೀರ್ಮಾನವನ್ನು ಯಂತ್ರ ಹೇಗೆ ತೆಗೆದುಕೊಳ್ಳುತ್ತದೆಂಬುದನ್ನು ಕೈಪಿಡಿಯಲ್ಲಿ ಹುಡುಕಿ ಓದಿ. ಕೆಲವು, ತಮ್ಮ ಹೊರದಾರಿಯ ವೋಲ್ಟೇಜ್ ಒಂದು ಮಟ್ಟಕ್ಕಿಂತ ಕೆಳಗೆ ಕುಸಿದರೆ ಮಾತ್ರ ಮೇಲಿನ ಹಂತಕ್ಕೆ ಏರುತ್ತವೆ. ನಡುವಿನ ತಂತಿ ಉದ್ದವಾಗಿ ತೆಳ್ಳಗಿದ್ದರೆ ಬ್ಯಾಟರಿ ಎಷ್ಟೇ ಖಾಲಿಯಿದ್ದರೂ ಆ ಕುಸಿತ ಕನ್ವರ್ಟರಿನ ಕಡೆಗೆ ಕಾಣುವುದೇ ಇಲ್ಲ, ಅದು 13.6ರಲ್ಲಿಯೇ ನೆಮ್ಮದಿಯಿಂದ ಕುಳಿತಿರುತ್ತದೆ. ಕೆಲವು ಗಡಿಯಾರ ನೋಡಿ ಕೆಲಸ ಮಾಡುತ್ತವೆ, ನಾಲ್ಕು ಗಂಟೆ ಕಳೆದೊಡನೆ ಬ್ಯಾಟರಿ ತುಂಬಿದೆಯೋ ಇಲ್ಲವೋ ಎಂದು ನೋಡದೆ ಕೆಳಕ್ಕೆ ಇಳಿದುಬಿಡುತ್ತವೆ. ಹಂತವನ್ನು ಕೈಯಾರೆ ಬದಲಿಸುವ ಗುಂಡಿ ಇರುವ ಮಾದರಿಗೆ ನನ್ನ ಮೊದಲ ಮತ. ಪ್ರೋಗ್ರೆಸಿವ್ ಡೈನಮಿಕ್ಸ್‌ನ ಚಾರ್ಜ್ ವಿಝಾರ್ಡ್ (ಹಂತಗಳನ್ನು ನಿಯಂತ್ರಿಸುವ ವ್ಯವಸ್ಥೆ) ಇರುವ ಮಾದರಿಗಳಲ್ಲಿ ಅಂಥ ಗುಂಡಿಯುಂಟು. ಐಯೋಟಾ ಕಂಪನಿಯ ಡಿಎಲ್ಎಸ್ ಸರಣಿಯಲ್ಲಿ ಒಂದು ಸಣ್ಣ ಜಾಕ್ ಕೊಟ್ಟು, ಅದಕ್ಕೆ ಪ್ಲಗ್ ಚುಚ್ಚಿದಾಗ ವೋಲ್ಟೇಜ್ ಮೇಲಿನ ಮಟ್ಟಕ್ಕೆ ಏರುವಂತೆ ಮಾಡಿದ್ದಾರೆ. ಜನರೇಟರ್ ಚಾಲೂ ಮಾಡಿ ಗುಂಡಿ ಒತ್ತಿದರೆ 14.4 ಬಂದೇಬರುತ್ತದೆ ಎಂಬ ಖಾತರಿ, ಯಂತ್ರದ ‘ಬುದ್ಧಿವಂತಿಕೆ’ಗಿಂತ ಹೆಚ್ಚು ಬೆಲೆಬಾಳುತ್ತದೆ.

ಈಗ ಆಂಪ್‌ಗಳ ಲೆಕ್ಕಕ್ಕೆ ಬರೋಣ. ನೀರು ಹಾಕುವ ಲೆಡ್ ಆಸಿಡ್ ಬ್ಯಾಟರಿಯನ್ನು ಅದರ ಆಂಪ್ ಅವರ್ ಸಾಮರ್ಥ್ಯದ ಶೇ. 10ರಿಂದ 13ರಷ್ಟು ಪ್ರವಾಹದಲ್ಲಿ ಚಾರ್ಜ್ ಮಾಡುವುದು ಸೌಮ್ಯವಾದ ಕ್ರಮ, ಶೇ. 20ರಿಂದ 25ರವರೆಗೆ ಹೋದರೂ ತೊಂದರೆಯಿಲ್ಲ. ನಿಮ್ಮ 220 ಆಂಪ್ ಅವರ್‌ಗೆ ಅದು 44ರಿಂದ 55 ಆಂಪ್. ಚಾರ್ಜ್ ಆಗುತ್ತಿರುವಾಗಲೇ ಬ್ಲೋವರ್, ದೀಪ, ಬೋರ್ಡುಗಳು ಹತ್ತು ಆಂಪ್‌ನಷ್ಟು ತಿನ್ನುತ್ತವೆಂದು ಹಿಡಿದರೆ 55ರಿಂದ 60 ಆಂಪ್‌ನ ಕನ್ವರ್ಟರ್ ಸರಿಯಾದ ಅಳತೆ. 80 ಆಂಪ್‌ನ ಯಂತ್ರ ಕೊಟ್ಟರೆ ಬ್ಯಾಟರಿಯ ವೋಲ್ಟೇಜ್ ಕೆಲವೇ ನಿಮಿಷ ಮೊದಲು 14.4ಕ್ಕೆ ಏರಿ, ಅಲ್ಲಿಂದ ಮುಂದೆ ಪ್ರವಾಹ ತಾನಾಗಿ ಇಳಿಯುತ್ತ ಹೋಗುತ್ತದೆ. ಗಳಿಸಿದ ಸಮಯ ಅತ್ಯಲ್ಪ. ಅರ್ಧದಿಂದ ಶೇ. 80ರವರೆಗಿನ 66 ಆಂಪ್ ಅವರ್‌ಗಳನ್ನು 45 ಆಂಪ್‌ನಲ್ಲಿ ಒಂದೂವರೆ ಗಂಟೆಯಲ್ಲಿ ತುಂಬಬಹುದು, ಆದರೆ ಕೊನೆಯ ಶೇ. 20ಕ್ಕೆ ಹಲವು ಗಂಟೆ ಬೇಕೇಬೇಕು, ಅದನ್ನು ಯಾವ ಕನ್ವರ್ಟರಿನಿಂದಲೂ ಅವಸರಪಡಿಸಲಾಗದು. ಅದಕ್ಕಾಗಿ ಜನರೇಟರ್ ಓಡಿಸುವುದು ಪೆಟ್ರೋಲಿನ ದಂಡ. ಆ ಭಾಗವನ್ನು ಸೌರ ಫಲಕಕ್ಕೋ ಪ್ಲಗ್ ಸಿಗುವ ತಂಗುದಾಣಕ್ಕೋ ಬಿಡಿ. ಹಾಗೆಂದು ವಾರಗಟ್ಟಲೆ ಬಿಟ್ಟೇಬಿಡಬೇಡಿ, ಪೂರ್ಣ ಚಾರ್ಜ್ ಕಾಣದ ಬ್ಯಾಟರಿಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕುಳಿತು ಸಾಮರ್ಥ್ಯ ಶಾಶ್ವತವಾಗಿ ಕುಂದುತ್ತದೆ.

ಜನರೇಟರಿನ ದೃಷ್ಟಿಯಿಂದಲೂ 80 ಆಂಪ್ ನಿಮಗೆ ಒಗ್ಗುವುದಿಲ್ಲ. 60 ಆಂಪ್ ಅನ್ನು 14.4 ವೋಲ್ಟ್‌ನಿಂದ ಗುಣಿಸಿದರೆ 864 ವಾಟ್. ಕನ್ವರ್ಟರಿನ ದಕ್ಷತೆ ಶೇ. 85 ಎಂದರೆ ಅದು ಎಳೆಯುವುದು ಸುಮಾರು 1015 ವಾಟ್. ಪವರ್ ಫ್ಯಾಕ್ಟರ್ (ಜನರೇಟರಿನ ಮೇಲೆ ಬೀಳುವ ಹೊರೆಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಸರಿಪಡಿಸುವ ವ್ಯವಸ್ಥೆ ಇಲ್ಲದ ಕನ್ವರ್ಟರಿನಲ್ಲಿ ಈ ಫ್ಯಾಕ್ಟರ್ 0.7ರ ಹತ್ತಿರವಿರಬಹುದು, ಆಗ ಜನರೇಟರಿಗೆ ಬೀಳುವ ಹೊರೆ 1450 ವೋಲ್ಟ್ ಆಂಪಿಯರ್. ‘2000 ವಾಟ್’ ಎಂದು ಮಾರುವ ಸಣ್ಣ ಜನರೇಟರುಗಳು ನಿರಂತರವಾಗಿ ಕೊಡಬಲ್ಲುದು ಸಾಮಾನ್ಯವಾಗಿ 1600ರ ಆಸುಪಾಸು ಮಾತ್ರ, ಆದ್ದರಿಂದ 60 ಆಂಪ್‌ನ ಕನ್ವರ್ಟರನ್ನು ಅವು ನಿಭಾಯಿಸುತ್ತವೆ. 80 ಆಂಪ್‌ಗೆ ಇದೇ ಲೆಕ್ಕ ಹಾಕಿದರೆ 1900 ದಾಟುತ್ತದೆ, ಜನರೇಟರ್ ಓವರ್‌ಲೋಡ್ ಎಂದು ನಿಂತುಬಿಡುತ್ತದೆ. ಪವರ್ ಫ್ಯಾಕ್ಟರ್ ಸರಿಪಡಿಸಿದ ಕನ್ವರ್ಟರುಗಳೂ ಸಿಗುತ್ತವೆ. ಜನರೇಟರಿನ ಮೇಲೆಯೇ ಅವಲಂಬಿಸಿರುವವರು ಹೆಚ್ಚಿನ ಬೆಲೆ ಕೊಟ್ಟಾದರೂ ಅವನ್ನು ಪರಿಶೀಲಿಸಬಹುದು.

ನಿಮ್ಮ ಪ್ರಶ್ನೆಯಲ್ಲಿ ಪ್ರಸ್ತಾಪವಾಗದ, ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ತಂತಿ. ಬ್ಯಾಟರಿ ಟ್ರೇಲರಿನ ಮೂತಿಯಲ್ಲಿ, ಕನ್ವರ್ಟರ್ ನಡುವಿನ ಅಡುಗೆ ಕಟ್ಟೆಯ ಕೆಳಗೋ ಹಿಂಬದಿಯ ಮಂಚದ ಕೆಳಗೋ ಇರುತ್ತದೆ. ಒಂದು ಕಡೆಗೆ 25 ಅಡಿ ಎಂದರೆ ಹೋಗಿ ಬರುವ ದಾರಿ 50 ಅಡಿ. ಅಷ್ಟು ಉದ್ದದ 8 ಗೇಜಿನ (ಸುಮಾರು 8.4 ಚದರ ಮಿಲಿಮೀಟರ್) ತಾಮ್ರದ ತಂತಿಯಲ್ಲಿ 45 ಆಂಪ್ ಹರಿದರೆ 1.4 ವೋಲ್ಟ್ ದಾರಿಯಲ್ಲಿಯೇ ಕಳೆದುಹೋಗುತ್ತದೆ. ಕನ್ವರ್ಟರ್ 14.4 ಕೊಡುತ್ತಿದ್ದೇನೆಂದು ನಂಬಿಕೊಂಡಿದ್ದರೆ ಬ್ಯಾಟರಿಗೆ ಸಿಗುತ್ತಿರುವುದು 13. ನಿಜ, ಪ್ರವಾಹ ಇಳಿದಂತೆ ಈ ನಷ್ಟವೂ ಇಳಿಯುತ್ತದೆ, ಕೊನೆಗೆ ಬ್ಯಾಟರಿಗೆ ಪೂರ್ತಿ ವೋಲ್ಟೇಜೇ ತಲುಪುತ್ತದೆ. ಆದರೆ ನಿಮಗೆ ಅವಸರವಿರುವ ಮೊದಲ ಎರಡು ಗಂಟೆಗಳೇ ಹಾಳಾಗಿರುತ್ತವೆ, ಗಡಿಯಾರ ನೋಡಿ ಹಂತ ಬದಲಿಸುವ ಕನ್ವರ್ಟರಾದರೆ ‘ಕೊನೆಗೆ’ ಎಂಬುದು ಬರುವ ಮೊದಲೇ ಅದು 13.6ಕ್ಕೆ ಇಳಿದಿರುತ್ತದೆ. ಅದೇ ಉದ್ದಕ್ಕೆ 4 ಗೇಜಿನ (ಸುಮಾರು 21 ಚದರ ಮಿಲಿಮೀಟರ್) ತಂತಿ ಎಳೆದರೆ ನಷ್ಟ 0.6 ವೋಲ್ಟ್‌ಗಿಂತ ಕಡಿಮೆ. ಇನ್ನೂ ಒಳ್ಳೆಯ ಉಪಾಯವೆಂದರೆ, ಬೇರೆಯಾಗಿ ಕೂರಿಸುವ ಬಗೆಯ ಕನ್ವರ್ಟರನ್ನು ಕೊಂಡು ಬ್ಯಾಟರಿಗೆ ಹತ್ತಿರದ ಮುಂಭಾಗದ ಸಾಮಾನು ಪೆಟ್ಟಿಗೆಯಲ್ಲಿ ಇರಿಸಿ, ಅಲ್ಲಿಯವರೆಗೆ ಎಸಿ ತಂತಿಯನ್ನು ಎಳೆಯುವುದು. 120 ವೋಲ್ಟ್‌ನಲ್ಲಿ ಹತ್ತು ಆಂಪ್‌ನ ಆಸುಪಾಸು ಹರಿಯುವ ಆ ತಂತಿಯಲ್ಲಿ ಆಗುವ ನಷ್ಟ ಗಣನೆಗೆ ಬಾರದು. ಬ್ಯಾಟರಿ ಇರುವ ಮುಚ್ಚಿದ ಗೂಡಿನೊಳಗೆ ಮಾತ್ರ ಕನ್ವರ್ಟರನ್ನು ಇಡಕೂಡದು. ಅಲ್ಲಿ ಸೇರುವ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು.

ಇದನ್ನು ನೀವೇ ಅಳೆದು ನೋಡಬಹುದು. ಬ್ಯಾಟರಿ ಅರ್ಧದಷ್ಟು ಖಾಲಿಯಿರುವಾಗ ಪ್ಲಗ್ ಹಾಕಿ, ಹತ್ತು ನಿಮಿಷ ಬಿಟ್ಟು ಮಲ್ಟಿಮೀಟರಿನಿಂದ ಮೊದಲು ಕನ್ವರ್ಟರಿನ ಹೊರದಾರಿಯಲ್ಲಿ, ಆಮೇಲೆ ಬ್ಯಾಟರಿಯ ಎರಡು ತುದಿ ಕಂಬಗಳ ಮೇಲೆ ವೋಲ್ಟೇಜ್ ನೋಡಿ. ಕ್ಲ್ಯಾಂಪಿನ ಮೇಲಲ್ಲ, ಸೀಸದ ಕಂಬದ ಮೇಲೆಯೇ ಮೀಟರಿನ ಮೊನೆ ಊರಿರಲಿ. ಕ್ಲ್ಯಾಂಪು ಮತ್ತು ಕಂಬದ ನಡುವೆ ಬೆಳೆದ ಬೂಷ್ಟಿನಂಥ ಪದರವೇ ಕಾಲು ವೋಲ್ಟ್ ನುಂಗಿರುವುದುಂಟು. ಎರಡು ಅಳತೆಗಳ ನಡುವಿನ ಅಂತರವೇ ದಾರಿಯ ನಷ್ಟ. ಅದು ಯಾವ ಕಡೆಯದೆಂದು ತಿಳಿಯಲು ಉದ್ದದ ಒಂದು ವೈರಿನ ಸಹಾಯದಿಂದ ಬ್ಯಾಟರಿಯ ಋಣ ಕಂಬಕ್ಕೂ ಕನ್ವರ್ಟರಿನ ಋಣ ತುದಿಗೂ ನಡುವೆ ಅಳೆಯಿರಿ. ಅನೇಕ ಟ್ರೇಲರುಗಳಲ್ಲಿ ಋಣ ಪ್ರವಾಹ ಮರಳುವುದು ಚಾಸಿಯ ಕಬ್ಬಿಣದ ಮೂಲಕ, ಅದನ್ನು ಸೇರಿಸುವ ಒಂದೇ ಒಂದು ತಿರುಪು ಬಣ್ಣದ ಮೇಲೆ ಕುಳಿತು ತುಕ್ಕು ಹಿಡಿದಿರುತ್ತದೆ. ಆ ಜಾಗವನ್ನು ಲೋಹ ಹೊಳೆಯುವಂತೆ ಉಜ್ಜಿ ಬಿಗಿಗೊಳಿಸಿದರೆ ಖರ್ಚಿಲ್ಲದೆ ಅರ್ಧ ವೋಲ್ಟ್ ಮರಳಿ ಸಿಗಬಹುದು. ಬ್ಯಾಟರಿಯ ಪಕ್ಕದಲ್ಲಿರುವ ಸರ್ಕ್ಯೂಟ್ ಬ್ರೇಕರ್ ಎಷ್ಟು ಆಂಪ್‌ನದೆಂದೂ ಆಗಲೇ ನೋಡಿಕೊಳ್ಳಿ. ತಾನಾಗಿ ಮತ್ತೆ ಕೂಡಿಕೊಳ್ಳುವ 30 ಆಂಪ್‌ನ ಬ್ರೇಕರ್ ಇದ್ದಲ್ಲಿ 60 ಆಂಪ್‌ನ ಕನ್ವರ್ಟರ್ ಜೋಡಿಸಿದರೆ ಅದು ಬಿಸಿಯಾಗಿ ಕಡಿಯುವುದು, ತಣಿದು ಕೂಡುವುದು, ಇದೇ ಆಟವಾಗಿ ಚಾರ್ಜ್ ನಿಂತು ನಿಂತು ಸಾಗುತ್ತದೆ. ಬ್ರೇಕರನ್ನು ಮಾತ್ರ ದೊಡ್ಡದು ಮಾಡುವುದು ಅಪಾಯ. ತಂತಿ ತಾಳುವಷ್ಟಕ್ಕೆ ಬ್ರೇಕರ್ ಇರಬೇಕೇ ಹೊರತು ಕನ್ವರ್ಟರ್ ಕೇಳುವಷ್ಟಕ್ಕಲ್ಲ.

ಕೊಳ್ಳುವ ಮೊದಲು ಬ್ಯಾಟರಿಗಳ ಆರೋಗ್ಯವನ್ನೂ ಖಚಿತಪಡಿಸಿಕೊಳ್ಳಿ. ಎರಡರಲ್ಲಿ ಒಂದೇ ಬ್ಯಾಟರಿ, ಅಥವಾ ಆರು ಸೆಲ್‌ಗಳಲ್ಲಿ ಒಂದೇ ಸೆಲ್ ಹೆಚ್ಚು ನೀರು ಕುಡಿಯುತ್ತಿದ್ದರೆ ದೋಷ ಕನ್ವರ್ಟರಿನದಲ್ಲ. ಪೂರ್ಣ ಚಾರ್ಜಾದ ಮೇಲೆ ಹೈಡ್ರೋಮೀಟರಿನಲ್ಲಿ (ಒಳಗಿನ ಆಮ್ಲದ ಸಾಂದ್ರತೆ ಅಳೆಯುವ ಸಾಧನ) ಪ್ರತಿ ಸೆಲ್ 1.265ಕ್ಕೆ ಹತ್ತಿರವೋ ಮೇಲೋ ತೋರಿಸಬೇಕು. ಸೆಲ್‌ಗಳ ನಡುವೆ 0.050ಕ್ಕಿಂತ ಹೆಚ್ಚು ಅಂತರವಿದ್ದರೆ ಆ ಬ್ಯಾಟರಿಯನ್ನು ಉಳಿಸುವ ಪ್ರಯತ್ನಕ್ಕಿಂತ ಬದಲಿಸುವುದೇ ಲೇಸು. ಡಿಸ್ಟಿಲ್ಡ್ ನೀರನ್ನು ಚಾರ್ಜ್ ಮುಗಿದ ಮೇಲೆ ತುಂಬಬೇಕೆಂಬುದು ನಿಮಗೆ ಗೊತ್ತಿರಬಹುದು. ಪ್ಲೇಟು ಹೊರಗೆ ಕಾಣುತ್ತಿದ್ದರೆ ಮಾತ್ರ ಅದು ಮುಳುಗುವಷ್ಟು ನೀರನ್ನು ಮೊದಲೇ ಹಾಕಬೇಕು.

ಲಿಥಿಯಂ ವಿಷಯದಲ್ಲಿ ಎರಡು ಕಡೆ ಎಚ್ಚರ ಬೇಕು. ಟ್ರೇಲರುಗಳಲ್ಲಿ ಬಳಸುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ 14.2ರಿಂದ 14.6 ವೋಲ್ಟ್ ಚಾರ್ಜ್ ಸಾಕು, ಆಮೇಲೆ ಅದಕ್ಕೆ ಸದಾ ಪೋಷಣೆಯ ಅಗತ್ಯವಿಲ್ಲ. ಅದರ ವೋಲ್ಟೇಜ್ ಬಹುಭಾಗ ಖಾಲಿಯಾಗುವವರೆಗೂ 13ರ ಮೇಲೆಯೇ ನಿಲ್ಲುವುದರಿಂದ, ಲೆಡ್ ಆಸಿಡ್‌ಗೆಂದು ರೂಪಿಸಿದ ಕನ್ವರ್ಟರ್ ಅದನ್ನು ತುಂಬಿದ ಬ್ಯಾಟರಿಯೆಂದೇ ಭಾವಿಸಿ 13.6ರಲ್ಲಿ ಉಳಿದುಬಿಡಬಹುದು. ಇತ್ತ ಲಿಥಿಯಂಗಾಗಿಯೇ ಮಾಡಿದ, ಸದಾ 14.6 ವೋಲ್ಟ್ ಕೊಡುವ ಕನ್ವರ್ಟರನ್ನು ‘ಹೇಗೂ ಮುಂದೆ ಬೇಕಲ್ಲ’ ಎಂದು ಇಂದೇ ತಂದು ನಿಮ್ಮ ಈಗಿನ ಬ್ಯಾಟರಿಗಳಿಗೆ ಜೋಡಿಸಿ ಪ್ಲಗ್ ಬಿಟ್ಟರೆ ಅವು ಕುದಿದು ಒಣಗುತ್ತವೆ. ಆದ್ದರಿಂದ ಲೆಡ್ ಆಸಿಡ್ ಮತ್ತು ಲಿಥಿಯಂ ಎರಡಕ್ಕೂ ಹೊಂದುವ, ಆಯ್ಕೆಯನ್ನು ಸ್ವಿಚ್ಚಿನಿಂದ ಮಾಡುವ ಮಾದರಿ ನಿಮಗೆ ತಕ್ಕುದು. ಬ್ಯಾಟರಿಯ ಬಗೆಯನ್ನು ತಾನೇ ಗುರುತಿಸುತ್ತೇನೆನ್ನುವ ಯಂತ್ರಗಳಿಗಿಂತ ಕಣ್ಣಿಗೆ ಕಾಣುವ ಸ್ವಿಚ್ಚನ್ನೇ ನಾನು ನಂಬುತ್ತೇನೆ. ಲಿಥಿಯಂ ಬ್ಯಾಟರಿ ಕೊನೆಯವರೆಗೂ ಪೂರ್ಣ ಪ್ರವಾಹ ಎಳೆಯುತ್ತದೆ, ಅಂದರೆ ಕನ್ವರ್ಟರ್, ತಂತಿ, ಬ್ರೇಕರ್ ಎಲ್ಲವೂ ಗಂಟೆಗಟ್ಟಲೆ ತಮ್ಮ ಗರಿಷ್ಠದಲ್ಲಿಯೇ ದುಡಿಯಬೇಕಾಗುತ್ತದೆ. ದಪ್ಪ ತಂತಿಗೆ ಇದು ಇನ್ನೊಂದು ಕಾರಣ. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡುವಂತಿಲ್ಲ, ಹಾಗೆ ತಡೆಯುವ ರಕ್ಷಣೆ ಬ್ಯಾಟರಿಯೊಳಗೇ ಇದೆಯೇ ಎಂದು ಕೇಳಿ ಕೊಳ್ಳಬೇಕು.

ಮನೆಯ ಬಳಿ ನಿಂತಿರುವಾಗಿನ ಪಾಲನೆ ಹೊಸ ಕನ್ವರ್ಟರಿನಿಂದ ಬಹುಮಟ್ಟಿಗೆ ತಾನಾಗಿಯೇ ಸರಿಹೋಗುತ್ತದೆ. ಚಾರ್ಜ್ ವಿಝಾರ್ಡ್‌ನಂಥ ವ್ಯವಸ್ಥೆ 13.2ರಲ್ಲಿ ಇಟ್ಟ ಬ್ಯಾಟರಿಗೆ 21 ಗಂಟೆಗೊಮ್ಮೆ ಹದಿನೈದು ನಿಮಿಷ 14.4 ವೋಲ್ಟ್ ಕೊಡುತ್ತದೆ. ಆಗ ಏಳುವ ಗುಳ್ಳೆಗಳು, ಅಡಿಯಲ್ಲಿ ದಟ್ಟವಾಗಿ ಮೇಲೆ ತೆಳುವಾಗಿ ನಿಂತ ಆಮ್ಲವನ್ನು ಕಲಕುತ್ತವೆ. ಉಷ್ಣಾಂಶ ನೋಡಿ ವೋಲ್ಟೇಜ್ ತಿದ್ದುವ ಸೆನ್ಸರ್ ಮಾತ್ರ ಟ್ರೇಲರ್ ಕನ್ವರ್ಟರುಗಳಲ್ಲಿ ಅಪರೂಪ. ಸುಡುಬೇಸಿಗೆಯಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಬ್ಯಾಟರಿಯನ್ನು ಪೂರ್ಣ ಚಾರ್ಜ್ ಮಾಡಿ, ಬ್ಯಾಟರಿಯನ್ನು ಬೇರ್ಪಡಿಸುವ ಡಿಸ್‌ಕನೆಕ್ಟ್ ಸ್ವಿಚ್ ಆರಿಸಿ, ತಿಂಗಳಿಗೊಮ್ಮೆ ಒಂದು ದಿನ ಪ್ಲಗ್ ಹಾಕುವುದು ನನ್ನ ಸಲಹೆ. ಸ್ವಿಚ್ ಆರಿಸದೆ ಪ್ಲಗ್ ಮಾತ್ರ ಕಿತ್ತರೆ ಗ್ಯಾಸ್ ಸೆನ್ಸರು, ರೇಡಿಯೋ, ಬೋರ್ಡುಗಳ ಸಣ್ಣ ಎಳೆತವೇ ಕೆಲವು ವಾರಗಳಲ್ಲಿ ಬ್ಯಾಟರಿಯನ್ನು ಬರಿದು ಮಾಡುತ್ತದೆ.

ಅಳವಡಿಕೆ ಕಷ್ಟದ್ದಲ್ಲ. ಫ್ಯೂಸು ಬ್ರೇಕರುಗಳ ಪೆಟ್ಟಿಗೆಯ ಕೆಳಭಾಗದಲ್ಲಿಯೇ ನಿಮ್ಮ ಹಳೆಯ ಕನ್ವರ್ಟರ್ ಇದ್ದರೆ, ಆ ಭಾಗವನ್ನಷ್ಟೇ ತೆಗೆದು ಕೂರಿಸುವ ಬದಲಿ ಘಟಕಗಳು ಹಲವು ಹಳೆಯ ಮಾದರಿಗಳಿಗೆ ಸಿಗುತ್ತವೆ. ಎಸಿ ಪ್ಲಗ್ ಕಿತ್ತು, ಸೌರ ಫಲಕ ಇದ್ದರೆ ಅದನ್ನೂ ಬೇರ್ಪಡಿಸಿ, ಬ್ಯಾಟರಿಯ ಋಣ ಕ್ಲ್ಯಾಂಪನ್ನು ತೆಗೆದ ನಂತರವೇ ಕೈಹಾಕಿ. ಎಸಿ ತಂತಿಯ ಕೆಲಸ ರೂಢಿಯಿಲ್ಲದಿದ್ದರೆ ಅದನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ. ಬ್ಯಾಟರಿಯನ್ನು ಮರಳಿ ಜೋಡಿಸುವಾಗ ಧನ ಋಣ ಅದಲುಬದಲಾದರೆ ಕನ್ವರ್ಟರಿನ ಮುಖದಲ್ಲಿರುವ ರಿವರ್ಸ್ ಪೊಲಾರಿಟಿ ಫ್ಯೂಸುಗಳು ತಕ್ಷಣ ಸುಟ್ಟು ಯಂತ್ರವನ್ನು ಉಳಿಸುತ್ತವೆ. ಆಮೇಲೆ ಜೋಡಣೆ ಸರಿಪಡಿಸಿದಾಗ ದೀಪಗಳು ಬ್ಯಾಟರಿಯಿಂದ ಉರಿಯುತ್ತಲೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ, ಒಂದೆರಡು ದಿನ ಕಳೆದು ಬ್ಯಾಟರಿ ಬರಿದಾದಾಗ ‘ಹೊಸ ಕನ್ವರ್ಟರ್ ಕೆಟ್ಟಿದೆ’ ಎಂದು ಅಂಗಡಿಗೆ ಹೊತ್ತೊಯ್ಯುವವರಿದ್ದಾರೆ. ಹಾಗಾದಾಗ ಮೊದಲು ಆ ಫ್ಯೂಸುಗಳನ್ನು ಕಿತ್ತು ಮೀಟರಿನಲ್ಲಿ ಪರೀಕ್ಷಿಸಿ; ಬದಲಿಗೆ ಅದೇ ಆಂಪ್‌ನ ಒಂದೆರಡು ಫ್ಯೂಸುಗಳನ್ನು ಟ್ರೇಲರಿನಲ್ಲಿ ಇಟ್ಟುಕೊಂಡಿರಿ.